ಳಕಾರದ ಪರವಾಗಿ

ಕನ್ನಡ ವರ್ಣಮಾಲೆಯ ಕೊನೆಯ ಅಕ್ಷರ ಳ. ಬಳಕೆಯ ಯಾವ ಪದವೂ ಈ ಅಕ್ಷರದಿಂದ ಆರಂಭವಾಗುವುದಿಲ್ಲ. ಮಕ್ಕಳ ಅಕ್ಷರಪುಸ್ತಕಗಳಲ್ಲಿ ಅರಸ, ಆನೆ ಎಂದು ಠೀವಿಯಿಂದ ಹೊರಟ ಚಿತ್ರಗಳ ಮೆರವಣಿಗೆ ಕೊನೆಯ ಪುಟಕ್ಕೆ ಬಂದಾಗ ತಡವರಿಸುತ್ತದೆ. ನಡುವಿನಲ್ಲೋ ಕೊನೆಯಲ್ಲೋ ಳಕಾರವಿರುವ ಕೊಳಲನ್ನೋ ತಾಳವನ್ನೋ ತಂದು ಆ ಜಾಗವನ್ನು ತುಂಬಬೇಕಾಗುತ್ತದೆ.

ಹೀಗೆ ಪದದ ಮುಂದೆ ನಿಲ್ಲಲಾರದ ಅಕ್ಷರವೇ ಭಾಷೆಯ ಒಳಗೆ ಎಷ್ಟು ಭಾರವನ್ನು ಹೊತ್ತಿದೆಯೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಒಂದು ಮರ ಹಲವು ಮರಗಳಾಗುವುದು ಇದರಿಂದ. ಅವನ ಪಕ್ಕದಲ್ಲಿ ಅವಳು ಬಂದು ನಿಲ್ಲುವುದೂ, ಬಂದಳು, ನಕ್ಕಳು ಎನಿಸಿಕೊಳ್ಳುವುದೂ ಇದರಿಂದಲೇ. ಹೇಳುವುದು, ಕೇಳುವುದು, ತಿಳಿಯುವುದು, ಬಾಳುವುದು, ಯಾವುದೂ ಇದರ ಹೊರತಾಗಿಲ್ಲ. ಲಕಾರಕ್ಕೆ ನಾಲಿಗೆಯ ತುದಿ ಹಲ್ಲಿನ ಬುಡವನ್ನು ಮುಟ್ಟಿದರೆ ಸಾಕು. ಳಕಾರಕ್ಕೆ ಅದು ಹಿಂದಕ್ಕೆ ಮಡಿದು ಅಂಗುಳನ್ನು ಮುಟ್ಟಬೇಕು. ಇಷ್ಟೇ ಅಂತರದಲ್ಲಿ ಮಳೆ ಮಲೆಯಾಗುತ್ತದೆ, ಬಳೆ ಬಲೆಯಾಗುತ್ತದೆ, ಹುಳಿ ಹುಲಿಯಾಗುತ್ತದೆ.

ಕೆಲವು ವರ್ಷಗಳ ಹಿಂದೆ ದೆಹಲಿಯ ಕನ್ನಡಿಗರ ಕೂಟವೊಂದರಲ್ಲಿ ನನ್ನ ಮಗಳು ತನ್ನ ಅಜ್ಜಿಯ ಕುರಿತು ನಾಲ್ಕು ಮಾತು ಆಡಿದಳು. “ನಮ್ಮ ಅಜ್ಜಿ ಹಲ್ಲಿಯಲ್ಲಿ ಇದ್ದಾರೆ” ಎಂದಾಗ ಸಭೆ ನಕ್ಕಿತು. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ, ನಾನೂ ನಕ್ಕೆ. ಆದರೆ ಮಗು ಅಲ್ಲಿಗೇ ನಿಂತಿತು. ಉಳಿದುದನ್ನು ಮನೆಗೆ ಹಿಂದಿರುಗುವಾಗ ನನಗೆ ಹಿಂದಿಯಲ್ಲಿ ಹೇಳಿತು. ಅಂದು ಕಳೆದುಹೋದದ್ದು ಒಂದು ಅಕ್ಷರವಲ್ಲ, ಒಂದು ಇಡೀ ಮಾತು. ಮಗಳು ಎಂಬ ಪದದಲ್ಲಿಯೂ ಅದೇ ಅಕ್ಷರವಿದೆಯೆಂಬುದು ನನಗೆ ಹೊಳೆದದ್ದು ಆ ರಾತ್ರಿ.

ಅಕ್ಷರ ಹೋದರೇನಂತೆ, ಹಿಂದೆಯೂ ಹೋಗಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಹಳಗನ್ನಡದಲ್ಲಿ ಳಕಾರದ ಜೊತೆಗೆ ೞ ಎಂಬ ಬೇರೆಯೇ ಅಕ್ಷರವಿತ್ತು. ತಮಿಳು ಮತ್ತು ಮಲಯಾಳಗಳಲ್ಲಿ ಅದರ ಧ್ವನಿ ಇಂದಿಗೂ ಜೀವಂತವಾಗಿದೆ. ತಮಿಳಿನ ಹೆಸರೇ ಆ ಧ್ವನಿಯಿಂದ ಮುಗಿಯುತ್ತದೆ. ಹುಳಿ ಅಂದು ಪುಳಿ, ಹುಳು ಅಂದು ಪುೞು. ಇಂದು ಎರಡಕ್ಕೂ ಒಂದೇ ಳ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿಮಾಡಬೇಕಾಯಿತೆಂದರೆ, ಕಿವಿಯಲ್ಲಿ ಉಳಿಯದ ಭೇದವನ್ನು ಆಗಲೇ ಪುಸ್ತಕದಲ್ಲಿ ಉಳಿಸುವ ಪ್ರಯತ್ನ ನಡೆದಿತ್ತು ಎಂದೇ ಅರ್ಥ. ಆದರೂ ಅದು ಕುರುಹು ಉಳಿಸದೆ ಹೋಗಲಿಲ್ಲ. ಬೀಳು ಎಂಬುದು ಬಿದ್ದ, ಏಳು ಎಂಬುದು ಎದ್ದ ಎಂದಾಗುವುದೇಕೆ? ಬಿೞ್ದು ಬಿರ್ದು ಆಗಿ ಬಿದ್ದು ಆಯಿತು. ಎೞ್ದು ಎರ್ದು ಆಗಿ ಎದ್ದು ಆಯಿತು. ಇಂದಿಗೂ ನಾವು ಬಿದ್ದಾಗ, ಎದ್ದಾಗ ಆ ಅಕ್ಷರದ ನೆನಪಿನಲ್ಲಿಯೇ ಬೀಳುತ್ತೇವೆ, ಏಳುತ್ತೇವೆ.

ಆದರೆ ಆ ಹೋಗುವಿಕೆಗೂ ಇಂದಿನದಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ೞಕಾರ ಹಲವು ತಲೆಮಾರುಗಳಲ್ಲಿ, ಆಡುವವರ ಮತ್ತು ಕೇಳುವವರ ಬಾಯಿಗಳಿಂದ ಒಟ್ಟಿಗೆ ಸವೆದುಹೋಯಿತು. ತಾಯಿ ಮಗು ಇಬ್ಬರೂ ಕೂಡಿಯೇ ಅದನ್ನು ಬಿಟ್ಟರು. ನಮ್ಮ ಮನೆಗಳಲ್ಲಿ ಹಾಗಲ್ಲ. ಇಲ್ಲಿ ಅಜ್ಜಿಗೆ ಅದು ಇದೆ, ಮೊಮ್ಮಗಳಿಗೆ ಇಲ್ಲ. ಅದು ಭಾಷೆಯ ಬದಲಾವಣೆಯಲ್ಲ, ಇಬ್ಬರ ನಡುವಿನ ಬಿರುಕು.

ಇದಕ್ಕೆ ಉತ್ತರದ ನೆಲವನ್ನು ದೂರುವುದೂ ಸರಿಯಲ್ಲ. ಶಿಷ್ಟ ಹಿಂದಿಯಲ್ಲಿ ಈ ಧ್ವನಿ ಇಲ್ಲವೆಂಬುದು ನಿಜ. ಆದರೆ ಮರಾಠಿ, ಗುಜರಾತಿ, ಒಡಿಯಾ, ಪಂಜಾಬಿ, ರಾಜಸ್ಥಾನಿಗಳಲ್ಲಿ ಇದೆ. ದೆಹಲಿಯ ಸುತ್ತಲಿನ ಹರಿಯಾಣವಿಯಲ್ಲಿಯೂ ಇದೆ. ಋಗ್ವೇದದ ಮೊದಲ ಮಂತ್ರದ ಎರಡನೆಯ ಪದದಲ್ಲಿಯೇ ಳಕಾರ ಕೇಳಿಸುತ್ತದೆ. ಇದನ್ನು ‘ಮದರಾಸಿ’ ಉಚ್ಚಾರವೆಂದು ನಗುವವರಿಗೆ ಕೊಡಲು ಇಷ್ಟು ಉತ್ತರ ಸಾಕು.

ಸೋತಿರುವುದು ಬೇರೆ ಕಡೆ, ನಮ್ಮದೇ ಅಲಕ್ಷ್ಯದಲ್ಲಿ. ಕಚೇರಿಯ ಕಡತಗಳಲ್ಲಿ ದೇವನಾಗರಿ ನನಗೆ ನಿತ್ಯದ ಲಿಪಿ. ಅಲ್ಲಿ ಹುಬ್ಬಳ್ಳಿ ‘ಹುಬಲಿ’ಯಾಗುತ್ತದೆ, ಮಂಗಳೂರು ‘ಮಂಗಲೂರು’ ಆಗುತ್ತದೆ, ಕಾಳಪ್ಪ ‘ಕಾಲಪ್ಪ’ನಾಗುತ್ತಾನೆ. ರೋಮನ್ ಲಿಪಿಗೆ ಈ ಭೇದವನ್ನು ತೋರುವ ಬೇರೆ ಅಕ್ಷರವಿಲ್ಲ, ಅದನ್ನು ಕ್ಷಮಿಸಬಹುದು. ದೇವನಾಗರಿಗೆ ಆ ಕೊರತೆ ಇಲ್ಲ. ಅದೇ ಲಿಪಿಯಲ್ಲಿ ಮರಾಠಿಗರು ಲೋಕಮಾನ್ಯರನ್ನು ಟಿಳಕರೆಂದೇ ಬರೆಯುತ್ತಾರೆ. ಮುಂಬಯಿಯ ವರಳಿ, ಪುಣೆಯ ಹಾದಿಯ ಲೋಣಾವಳಾ ತಮ್ಮ ಳಕಾರವನ್ನು ಬಿಟ್ಟುಕೊಟ್ಟಿಲ್ಲ. ಆ ಅಕ್ಷರ ಕೀಲಿಮಣೆಯಲ್ಲಿ ಇಲ್ಲವೆಂದು ನಾನೂ ಬಹಳ ಕಾಲ ನಂಬಿದ್ದೆ. ಸರ್ಕಾರದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಲ ಇರುವ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ಳ ಮೂಡುತ್ತದೆ. ಅಷ್ಟು ಹತ್ತಿರದಲ್ಲಿದ್ದುದನ್ನು ನಾವು ಒತ್ತಲಿಲ್ಲ. ನಮ್ಮ ಹೆಸರನ್ನು ನಾವೇ ತಪ್ಪಾಗಿ ಬರೆದುಕೊಟ್ಟು, ಅದನ್ನೇ ಶಾಲೆಯಲ್ಲಿ ಓದಿ ಬಂದ ಮಗು ತಪ್ಪಾಗಿ ಉಚ್ಚರಿಸಿದಾಗ ನಗುವುದು ಯಾವ ನ್ಯಾಯ?

ಆದ್ದರಿಂದ ನನ್ನ ಮನವಿ ಎರಡೇ. ದೇವನಾಗರಿಯಲ್ಲಿ ನಮ್ಮ ಹೆಸರನ್ನೂ ಊರನ್ನೂ ಬರೆಯುವಾಗ ಳಕಾರವನ್ನು ಕೇಳಿ ಬರೆಸೋಣ. ಆಗದೆಂದರೆ ಕೀಲಿಯನ್ನು ತೋರಿಸೋಣ. ಮಕ್ಕಳು ‘ಹಲ್ಲಿ’ ಎಂದಾಗ ನಗದೆ, ತಡೆಯದೆ, ನಮ್ಮ ಸರದಿ ಬಂದಾಗ ‘ಹಳ್ಳಿ’ ಎಂದು ಸ್ಪಷ್ಟವಾಗಿ ಹೇಳಿ ಮಾತನ್ನು ಮುಂದುವರಿಸೋಣ. ನಾಲಿಗೆ ತಿದ್ದಿಕೊಳ್ಳುವುದು ಕಿವಿಯಿಂದ, ನಾಚಿಕೆಯಿಂದಲ್ಲ.

ನನ್ನ ಮಗಳ ಳಕಾರ ಇನ್ನೂ ಪೂರ್ತಿ ಮಡಿದಿಲ್ಲ. ಆದರೆ ಭಾನುವಾರಗಳಂದು ಅಜ್ಜಿಗೆ ಫೋನು ಮಾಡಿದಾಗ ಮೊದಲು ಕೇಳುವ ಪ್ರಶ್ನೆ ಈಗ ಕನ್ನಡದಲ್ಲಿಯೇ ಇರುತ್ತದೆ: “ಅಲ್ಲಿ ಮಲೆ ಬಂತಾ?” ಅಜ್ಜಿ ತಿದ್ದುವುದಿಲ್ಲ. “ಹ್ಞೂಂ, ಒಳ್ಳೇ ಮಳೆ” ಎನ್ನುತ್ತಾರೆ.