ಹಡಗು ಇಳಿಸುವುದು ಯಾರು?

ಕಳೆದ ಬೇಸಿಗೆಯಲ್ಲಿ ಊರಿಂದ ಬಂದಿದ್ದ ಅಪ್ಪನನ್ನು ಕ್ಲೀವ್‌ಲ್ಯಾಂಡಿನಲ್ಲಿ ಈರೀ ಸರೋವರದ ದಂಡೆಗೆ ಕರೆದುಕೊಂಡು ಹೋಗಿದ್ದೆ. ಹಡಗೊಂದು ತನ್ನದೇ ಉದ್ದನೆಯ ತೋಳನ್ನು ದಡದ ಮೇಲೆ ಚಾಚಿ ಕಬ್ಬಿಣದ ಅದಿರಿನ ಉಂಡೆಗಳನ್ನು ಸುರಿಯುತ್ತಿತ್ತು. ಅಪ್ಪ ಮಂಗಳೂರಿನ ಹಳೇ ಬಂದರಿನ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಸ್ವಲ್ಪ ಹೊತ್ತು ನೋಡಿ, "ಅಲ್ಲ ಮಾರಾಯ, ಒಂದು ಜನ ಕಾಣುವುದಿಲ್ಲ, ಇಳಿಸುವುದು ಯಾರು?" ಅಂದರು.

ಹೇಳಿದೆ. ಹಡಗಿನ ಹೊಟ್ಟೆಯ ತಳ ಇಳಿಜಾರು. ಅದರಡಿ ಗೇಟುಗಳು, ಗೇಟಿನಡಿ ಕನ್ವೇಯರ್ ಬೆಲ್ಟು. ಗೇಟು ತೆರೆದರೆ ಅದಿರು ತನ್ನ ಭಾರಕ್ಕೆ ತಾನೇ ಬೆಲ್ಟಿಗೆ ಬೀಳುತ್ತದೆ, ಮೇಲಕ್ಕೇರಿ ತೋಳಿನ ಮೂಲಕ ದಡ ಸೇರುತ್ತದೆ. ಸಾವಿರ ಅಡಿ ಉದ್ದದ ಹಡಗಿನ 60,000 ಟನ್ ಅದಿರನ್ನು ಹಡಗಿನ ಸಿಬ್ಬಂದಿಯೇ ಅರ್ಧ ದಿನದೊಳಗೆ ಇಳಿಸಿಬಿಡುತ್ತಾರೆ.

ಹಿಂದೆ ಹೀಗಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇದೇ ದಂಡೆಯಲ್ಲಿ, ನಮ್ಮ ಹಾಗೆಯೇ ವಲಸೆ ಬಂದ ಐರಿಷ್ ಜನ ಹಡಗಿನೊಳಗೆ ಇಳಿದು ಸಲಿಕೆಯಿಂದ ಅದಿರು ತುಂಬುತ್ತಿದ್ದರು. ತೊಟ್ಟಿಗಳನ್ನು ಮೊದಮೊದಲು ಕುದುರೆ ಕಟ್ಟಿ, ಆಮೇಲೆ ಉಗಿಯಂತ್ರದಿಂದ ಮೇಲೆತ್ತುತ್ತಿದ್ದರು. ದಿನಗಟ್ಟಲೆಯ ಕೆಲಸ. 1899ರಲ್ಲಿ ಇದೇ ಒಹಾಯೋದ ಕಾನಿಯಟ್ ಬಂದರಿಗೆ ಜಾರ್ಜ್ ಹ್ಯೂಲೆಟ್‌ನ ಯಂತ್ರ ಬಂತು. ದೊಡ್ಡ ಏತದಂತೆ ಬಗ್ಗಿ ಏಳುವ ಯಂತ್ರ. ನಡೆಸುವವನು ಬಕೆಟ್ಟಿನ ಮೇಲೆಯೇ, ಅದರ ಕಾಲಿನೊಳಗೆ ಕೂತು ಹಡಗಿನ ಹೊಟ್ಟೆಗೆ ಇಳಿಯುತ್ತಿದ್ದ! ಮುಂದೆ ಕ್ಲೀವ್‌ಲ್ಯಾಂಡಿಗೆ ಬಂದವು ಒಂದು ಸಲಕ್ಕೆ 17 ಟನ್ ಎತ್ತುತ್ತಿದ್ದವು. ಇಳಿಸುವ ಖರ್ಚು ಟನ್ನಿಗೆ ಸುಮಾರು 18 ಸೆಂಟಿನಿಂದ 5 ಸೆಂಟಿಗೆ ಇಳಿಯಿತು.

ಆ ಸಲಿಕೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಅಪ್ಪ ಕೂಡ ಹೇಳಲಿಲ್ಲ. ಮಂಜಿಯಿಂದ ಅಕ್ಕಿ ಮೂಟೆ ಹೊತ್ತು ಹಲಗೆಯ ಮೇಲೆ ನಡೆಯುತ್ತಿದ್ದ ಹಮಾಲಿಗಳ ಬೆನ್ನು ನೋಡಿದವರು ಅವರು, ನಲವತ್ತಕ್ಕೇ ಮುದುಕರಾಗುತ್ತಿದ್ದರಂತೆ. ಯಂತ್ರ ಬಂದದ್ದು ಒಳ್ಳೆಯದೇ. ನನ್ನ ತಕರಾರು ಆ ಉಳಿದ 13 ಸೆಂಟಿನ ಬಗ್ಗೆ. ಅದು ಅದಿರಿನ, ಉಕ್ಕಿನ ಧಣಿಗಳ ಲೆಕ್ಕಕ್ಕೆ ಜಮೆಯಾಯಿತು. ಸಲಿಕೆ ಕೆಳಗಿಟ್ಟವನಿಗೆ ಅದರಲ್ಲಿ ಪಾಲಿಡಬೇಕೆಂಬ ನಿಯಮ ಯಾವುದೂ ಇರಲಿಲ್ಲ. ಕೊನೆಗೆ ಹ್ಯೂಲೆಟ್ ಯಂತ್ರಕ್ಕೂ ಅದೇ ಗತಿ. ತಾನೇ ಇಳಿಸಿಕೊಳ್ಳುವ ಹಡಗುಗಳು ಬಂದ ಮೇಲೆ ಕ್ಲೀವ್‌ಲ್ಯಾಂಡಿನವು 1992ರಲ್ಲಿ ನಿಂತವು, 2000ದಲ್ಲಿ ಅವನ್ನು ಬಿಚ್ಚಿಹಾಕಿದರು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನಮ್ಮಲ್ಲಿ ಅನೇಕರು ಸಾಫ್ಟ್‌ವೇರಿನವರು. ಹತ್ತು ಜನರ ಕೆಲಸವನ್ನು ಒಂದು ಪ್ರೋಗ್ರಾಮಿಗೆ ವಹಿಸುವುದೇ ಇಷ್ಟು ವರ್ಷ ನಮ್ಮ ಅನ್ನ. ಈಗ ಎಐ ನಮ್ಮ ಡೆಸ್ಕಿಗೇ ಬಂದಿದೆ, ಪಾಟ್‌ಲಕ್ಕಿನಲ್ಲಿ ಅದೇ ಮಾತು, ಅದೇ ಆತಂಕ. ಯಂತ್ರ ಬೇಡ ಎನ್ನುವ ಹಕ್ಕು ನಮಗಂತೂ ಇಲ್ಲ. ಉಳಿತಾಯದಲ್ಲಿ ಪಾಲು ಕೇಳುವ ಹಕ್ಕು ಇದೆ ಎಂದು ನನಗನ್ನಿಸುತ್ತದೆ; ಕೇಳುವಾಗ ನಮಗಿಂತ ಮೊದಲು ಮನೆಗೆ ಹೋದವರನ್ನೂ ಸೇರಿಸಿ ಕೇಳಬೇಕು.

ನೀವೇನನ್ನುತ್ತೀರಿ? ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಅಪ್ಪನಿಗೂ ಫೋನಿನಲ್ಲಿ ಓದಿ ಹೇಳುತ್ತೇನೆ.