ಜಾಲತಾಣಕ್ಕೂ ಬೇಕು ಕಿರ್ದಿ–ಖಾತೆಯ ಶಿಸ್ತು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸರಕಿಗೆ ಹೆಸರಿನ ಕೊರತೆ ಎಂದೂ ಇರಲಿಲ್ಲ. ಅಡಿಕೆ, ಅಪ್ಪೆಮಿಡಿ, ಕಾಳುಮೆಣಸು, ಜೇನು, ಗುಡಿಗಾರರ ಗಂಧದ ಕೆತ್ತನೆ, ಹೆಗ್ಗೋಡಿನ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ, ಆಗುಂಬೆ–ಕುಪ್ಪಳಿ ಪರಿಸರದ ಹೋಂಸ್ಟೇ ಇವೆಲ್ಲವೂ ನಾಡಿನಾಚೆಗೂ ಪರಿಚಿತವಾಗಿವೆ. ಆದರೆ ದೂರದ ಊರಿನ ಗ್ರಾಹಕನು ಮೊಬೈಲ್‌ನಲ್ಲಿ ಈ ವಸ್ತುಗಳನ್ನು ಹುಡುಕಿದಾಗ ಮೊದಲು ಕಾಣುವುದು ಬಹುಮಟ್ಟಿಗೆ ದೊಡ್ಡ ಮಾರಾಟ ತಾಣಗಳು ಮತ್ತು ಮಹಾನಗರದ ಮರುಮಾರಾಟಗಾರರೇ ಹೊರತು, ಸರಕನ್ನು ತಯಾರಿಸಿದವನ ಅಂಗಡಿಯಲ್ಲ. ಹೆಸರು ಊರಿನದು, ಲಾಭದ ದೊಡ್ಡ ಪಾಲು ಮತ್ತೊಬ್ಬರದು ಎಂಬ ಈ ಸ್ಥಿತಿಯನ್ನು ಸರಿಪಡಿಸುವ ಸಾಧನವೆಂದು ಇತ್ತೀಚೆಗೆ ಕೃತಕ ಬುದ್ಧಿಮತ್ತೆಯನ್ನು ಮುಂದಿಡಲಾಗುತ್ತಿದೆ. “ತಿಂಗಳಿಗೆ ನೂರು ಪುಟ ಬರೆಸಿಕೊಡುತ್ತೇವೆ, ಗೂಗಲ್‌ನಲ್ಲಿ ಮೊದಲ ಸ್ಥಾನ ಖಚಿತ” ಎಂಬ ದೂರವಾಣಿ ಕರೆಗಳು ಸಣ್ಣ ಊರಿನ ವ್ಯಾಪಾರಸ್ಥರಿಗೂ ಬರತೊಡಗಿವೆ. ಹಣ ತೆರುವ ಮುನ್ನ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಅಗತ್ಯ.

ಶೋಧಯಂತ್ರ ನೋಡುವುದೇನು?

1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅವರು ಗೂಗಲ್ ಸಂಸ್ಥೆಯನ್ನು ಆರಂಭಿಸಿದಾಗ ಅದರ ತಳಹದಿಯಾಗಿದ್ದ ವಿಚಾರ ಸರಳವಾದುದು. ಒಂದು ಪುಟವು ಮತ್ತೊಂದು ಪುಟಕ್ಕೆ ಕೊಂಡಿ ಕೊಟ್ಟರೆ ಅದು ಒಂದು ಬಗೆಯ ಶಿಫಾರಸು. ಗಣ್ಯರ ಶಿಫಾರಸಿಗೆ ಹೆಚ್ಚು ಬೆಲೆ. ಇಂದು ಸ್ಥಾನ ನಿರ್ಧಾರಕ್ಕೆ ಬೇರೆ ಅನೇಕ ಅಂಶಗಳು ಸೇರಿಕೊಂಡಿದ್ದರೂ ಕೊಂಡಿಯ ಮಹತ್ವ ಉಳಿದಿದೆ. ಶೋಧಯಂತ್ರವು ಹೊಸ ಪುಟಗಳನ್ನು ಪತ್ತೆಹಚ್ಚುವುದೂ ಮುಖ್ಯವಾಗಿ ಕೊಂಡಿಗಳನ್ನು ಹಿಂಬಾಲಿಸಿಯೇ. ಯಾವ ಪುಟದಿಂದಲೂ ದಾರಿಯಿಲ್ಲದ ಪುಟವು ಗೋದಾಮಿನ ಮೂಲೆಯಲ್ಲಿ ಮರೆತುಹೋದ ಮೂಟೆಯಂತೆ. ದಾಸ್ತಾನಿನಲ್ಲಿದೆ, ಮಾರಾಟಕ್ಕೆ ಸಿಗದು.

ವ್ಯಾಪಾರಸ್ಥರಿಗೆ ಇದು ಹೊಸ ವಿಚಾರವೇನಲ್ಲ. ಕಿರ್ದಿಯಲ್ಲಿ ಬರೆದ ನಮೂದಿನ ಪಕ್ಕದಲ್ಲಿ ಖಾತೆಯ ಪುಟಸಂಖ್ಯೆಯನ್ನೂ, ಖಾತೆಯಲ್ಲಿ ಕಿರ್ದಿಯ ಪುಟಸಂಖ್ಯೆಯನ್ನೂ ಕಾಣಿಸುವ ಪದ್ಧತಿ ಬಹಳ ಹಳೆಯದು. ಯಾವ ಪುಟದಿಂದ ಹೊರಟರೂ ಸಂಬಂಧಪಟ್ಟ ಪುಟಕ್ಕೆ ತಲುಪಬೇಕು ಎಂಬುದೇ ಅದರ ಉದ್ದೇಶ. ಉತ್ತಮ ಜಾಲತಾಣವೂ ಹೀಗೆಯೇ. ಒಂದು ವಿಷಯಕ್ಕೆ ಒಂದು ಮುಖ್ಯ ಪುಟ, ಅದರ ಒಂದೊಂದು ಅಂಶಕ್ಕೆ ಒಂದೊಂದು ಉಪಪುಟ, ಇವೆಲ್ಲವುಗಳ ನಡುವೆ ಅರ್ಥಪೂರ್ಣವಾದ ಕೊಂಡಿಗಳು ಇರಬೇಕು. ಕೊಂಡಿಯ ಮೇಲೆ “ಇಲ್ಲಿ ಒತ್ತಿರಿ” ಎಂದು ಬರೆಯುವ ಬದಲು “ಮಿಡಿಯನ್ನು ಉಪ್ಪಿನಲ್ಲಿ ಹಾಕುವ ವಿಧಾನ” ಎಂದು ಬರೆದರೆ ಓದುಗನಿಗೂ ಯಂತ್ರಕ್ಕೂ ಮುಂದಿನ ಪುಟದಲ್ಲಿ ಏನಿದೆ ಎಂಬುದು ತಿಳಿಯುತ್ತದೆ.

ಯೋಜನೆಯಲ್ಲಿ ಯಂತ್ರದ ನೆರವು

ರಿಪ್ಪನ್‌ಪೇಟೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ತಯಾರಿಸುವ ಒಂದು ಘಟಕವನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅದರ ಮಾಲೀಕರು ಮೊದಲು ಮಾಡಬೇಕಾದ ಕೆಲಸ ಗಣಕಯಂತ್ರದ ಮುಂದೆ ಕುಳಿತು ಮಾಡುವಂಥದಲ್ಲ. ಕಳೆದ ಒಂದು ವರ್ಷದಲ್ಲಿ ಗ್ರಾಹಕರು ಅಂಗಡಿಯಲ್ಲಿ, ದೂರವಾಣಿಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಪಟ್ಟಿ ಮಾಡುವುದು ಆ ಮೊದಲ ಕೆಲಸ. ಈ ಮಿಡಿ ಎಷ್ಟು ದಿನ ಗರಿಗರಿಯಾಗಿರುತ್ತದೆ? ಎಣ್ಣೆ ಹಾಕಿದೆಯೇ? ಜೀರಿಗೆ ಪರಿಮಳದ ಮಿಡಿ ಬೇರೆಯಾಗಿ ಸಿಗುವುದೇ? ತೊಟ್ಟು ಏಕೆ ಉಳಿಸುತ್ತೀರಿ? ವಿದೇಶಕ್ಕೆ ಒಯ್ಯಬಹುದೇ? ಈಗಾಗಲೇ ಜಾಲತಾಣವಿದ್ದವರು ಗೂಗಲ್ ಉಚಿತವಾಗಿ ನೀಡುವ ಸರ್ಚ್ ಕನ್ಸೋಲ್ ಎಂಬ ಸೌಲಭ್ಯದಲ್ಲಿ, ಜನರು ಯಾವ ಪದಗಳಿಂದ ಹುಡುಕಿದಾಗ ತಮ್ಮ ತಾಣ ಕಾಣಿಸಿಕೊಂಡಿತು ಎಂಬುದನ್ನೂ ನೋಡಿಕೊಳ್ಳಬಹುದು.

ಈ ಪಟ್ಟಿಯನ್ನು ಚಾಟ್‌ಜಿಪಿಟಿ, ಜೆಮಿನಿ ಅಥವಾ ಕ್ಲಾಡ್‌ನಂತಹ ಸಾಧನಕ್ಕೆ ಕೊಟ್ಟು ನಾಲ್ಕು ಕೆಲಸಗಳನ್ನು ಮಾಡಿಸಬಹುದು. ಮೊದಲನೆಯದು, ಪ್ರಶ್ನೆಗಳನ್ನು ಗುಂಪು ಮಾಡಿಸುವುದು: ಕೊಳ್ಳಲು ಬಂದವನ ಪ್ರಶ್ನೆ ಯಾವುದು, ತಿಳಿಯಲು ಬಂದವನದು ಯಾವುದು. ಎರಡನೆಯದು, ಯಾವುದು ಮುಖ್ಯ ಪುಟ, ಯಾವುವು ಉಪಪುಟ ಎಂಬ ನಕ್ಷೆ ಹಾಕಿಸುವುದು. ಮೂರನೆಯದು, ಯಾವ ಪುಟದಿಂದ ಯಾವ ಪುಟಕ್ಕೆ ಯಾವ ಪದಗಳಲ್ಲಿ ಕೊಂಡಿ ಕೊಡಬೇಕೆಂಬ ಕೋಷ್ಟಕ ಸಿದ್ಧಪಡಿಸುವುದು. ನಾಲ್ಕನೆಯದು, ಎರಡು ಪುಟಗಳು ಒಂದೇ ಪ್ರಶ್ನೆಗೆ ಉತ್ತರಿಸುತ್ತಿವೆಯೇ ಎಂದು ಪರೀಕ್ಷಿಸುವುದು. ಒಂದೇ ವಿಷಯದ ಎರಡು ಪುಟಗಳಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗಿ ಎರಡೂ ಹಿಂದೆ ಬೀಳುವ ಸಂಭವವಿದೆ. ನುರಿತವರಿಗೂ ಹಲವು ದಿನ ಹಿಡಿಯುವ ಈ ವಿಂಗಡಣೆಯನ್ನು ಯಂತ್ರವು ನಿಮಿಷಗಳಲ್ಲಿ ಮಾಡಬಲ್ಲದು. ಇದರ ನಿಜವಾದ ಉಪಯೋಗ ಇರುವುದು ಇಲ್ಲಿಯೇ. ಸಣ್ಣ ಘಟಕವೊಂದಕ್ಕೆ ಒಂದು ಮುಖ್ಯ ಪುಟ ಮತ್ತು ಆರೆಂಟು ಉಪಪುಟಗಳು ಆರಂಭಕ್ಕೆ ಧಾರಾಳವಾದವು.

ಯಂತ್ರಕ್ಕೆ ತಿಳಿಯದ ಸಂಗತಿಗಳು

ನಕ್ಷೆ ಹಾಕುವುದು ಬೇರೆ, ನಕ್ಷೆಯೊಳಗೆ ಸರಕು ತುಂಬುವುದು ಬೇರೆ. ಎರಡನೆಯ ಕೆಲಸವನ್ನೂ ಯಂತ್ರಕ್ಕೇ ವಹಿಸಿದಾಗ ತೊಂದರೆ ಆರಂಭವಾಗುತ್ತದೆ.

ಮೊದಲಿಗೆ ಊರಿನ ಹೆಸರನ್ನೇ ತೆಗೆದುಕೊಳ್ಳಬಹುದು. ಸಾಗರ ಎಂಬ ಹೆಸರಿನ ಇನ್ನೂ ದೊಡ್ಡ ನಗರ ಮಧ್ಯಪ್ರದೇಶದಲ್ಲಿದೆ. ಶಿವಮೊಗ್ಗ ಜಿಲ್ಲೆ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಯಂತ್ರವೂ ಗ್ರಾಹಕನೂ ದಾರಿ ತಪ್ಪಬಹುದು. ತೀರ್ಥಹಳ್ಳಿಯನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುವ ರೂಢಿಯಿದೆ. ಜನರು ಎಲ್ಲ ಬಗೆಯಲ್ಲೂ ಹುಡುಕುತ್ತಾರೆ. ಅಡಿಕೆಯ ವಿಷಯದಲ್ಲಂತೂ ಸರಕು, ಬೆಟ್ಟೆ, ರಾಶಿ, ಗೊರಬಲು, ಚಾಲಿ, ಕೆಂಪುಗೋಟು, ಬಿಳೆಗೋಟು, ಸಿಪ್ಪೆಗೋಟು ಎಂಬ ಮಾರುಕಟ್ಟೆಯ ವಿಂಗಡಣೆ ಮಂಡಿಗೆ ಹೋಗುವವರಿಗೆ ಅಂಗೈ ನೆಲ್ಲಿಕಾಯಿ. ಯಂತ್ರವು ಇವನ್ನು ಒಂದಕ್ಕೊಂದು ಬೆರೆಸಿ, ಓದಲು ಸೊಗಸಾದ ಆದರೆ ತಪ್ಪಾದ ವಿವರಣೆ ಬರೆಯುವುದು ಅಸಂಭವವೇನಲ್ಲ. ಅಂತಹ ಪುಟವನ್ನು ಓದಿದ ಅನುಭವಿ ಖರೀದಿದಾರನು ಮಾರುವವನ ಬಗ್ಗೆಯೇ ಸಂಶಯಪಡುತ್ತಾನೆ.

ಕಾಲದ ಬದಲಾವಣೆಯೂ ಗಮನಾರ್ಹ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಸಿಗಂದೂರಿಗೆ ಹೋಗುವವರು ಲಾಂಚ್‌ಗಾಗಿ ಕಾಯುತ್ತಿದ್ದ ದಿನಗಳು ಅಲ್ಲಿಗೆ ಮುಗಿದವು. ಹಳೆಯ ಬರಹಗಳನ್ನೇ ಓದಿ ಕಲಿತ ಯಂತ್ರವು ಇಂದಿಗೂ ಲಾಂಚ್ ವೇಳಾಪಟ್ಟಿಯನ್ನು ನೋಡಿಕೊಂಡು ಹೊರಡಿರಿ ಎಂದು ಸಲಹೆ ಕೊಡಬಹುದು. ಆ ಸಲಹೆ ಹೋಂಸ್ಟೇ ಒಂದರ ತಾಣದಲ್ಲಿ ಪ್ರಕಟವಾದರೆ ಅತಿಥಿಯ ನಂಬಿಕೆ ಬರುವ ಮೊದಲೇ ಹೋಗುತ್ತದೆ. ಹಾಗೆಯೇ, ಯಾವ ಪದವನ್ನು ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆಂದು ಕೇಳಿದರೆ ಯಂತ್ರವು ಸಂಖ್ಯೆಯನ್ನೂ ಹೇಳಬಹುದು. ಶೋಧ ದತ್ತಾಂಶದ ಸಾಧನಕ್ಕೆ ಜೋಡಿಸದೆ ಇದ್ದಾಗ ಆ ಸಂಖ್ಯೆ ಕೇವಲ ಊಹೆ; ಅದನ್ನು ನಂಬಿ ಬಂಡವಾಳ ಹಾಕಲಾಗದು.

ನೂರು ಪುಟಗಳ ಆಮಿಷ

ಯಂತ್ರದ ನೆರವಿನಿಂದ ಬರೆದುದೆಲ್ಲವೂ ಗೂಗಲ್‌ಗೆ ವರ್ಜ್ಯವೆಂಬ ಭಾವನೆ ಸರಿಯಲ್ಲ. ಬರಹ ಹೇಗೆ ತಯಾರಾಯಿತು ಎಂಬುದಕ್ಕಿಂತ ಅದರ ಗುಣಮಟ್ಟವೇ ಮುಖ್ಯವೆಂದು ಆ ಸಂಸ್ಥೆಯು 2023ರ ಫೆಬ್ರವರಿಯಲ್ಲಿ ತಿಳಿಸಿತು. ಆದರೆ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ನಿಯಮಗಳಲ್ಲಿ, ಓದುಗನಿಗೆ ಉಪಯೋಗವಿಲ್ಲದ ಪುಟಗಳನ್ನು ಸ್ಥಾನ ಗಿಟ್ಟಿಸುವ ಉದ್ದೇಶದಿಂದಲೇ ರಾಶಿಗಟ್ಟಲೆ ಉತ್ಪಾದಿಸುವುದನ್ನು ದುರುಪಯೋಗವೆಂದು ಘೋಷಿಸಿತು. ಅದನ್ನು ಮನುಷ್ಯರು ಮಾಡಿದರೂ ಯಂತ್ರ ಮಾಡಿದರೂ ಒಂದೇ. ಅಂತಹ ತಾಣಗಳು ಕೆಳಕ್ಕೆ ಜಾರಬಹುದು, ಪಟ್ಟಿಯಿಂದಲೇ ಮಾಯವಾಗಬಹುದು. ಎಲ್ಲ ಸದಸ್ಯರ ತಾಣಗಳೂ ಪರಸ್ಪರ ಕೊಂಡಿ ಹಾಕಿಕೊಳ್ಳಲಿ ಎಂಬ ಸಲಹೆಯೂ ಇದೇ ಜಾತಿಯದು. ಅಸಹಜವಾದ ಕೊಂಡಿಗಳ ವಿರುದ್ಧ ಗೂಗಲ್ 2012ರಲ್ಲೇ ಪೆಂಗ್ವಿನ್ ಹೆಸರಿನ ಬದಲಾವಣೆಯನ್ನು ತಂದಿತ್ತು. ತೀರ್ಥಹಳ್ಳಿಯ ಹೋಂಸ್ಟೇ ಒಂದು ತನ್ನ ಊಟದಲ್ಲಿ ಬಡಿಸುವ ಉಪ್ಪಿನಕಾಯಿಯ ತಯಾರಕರಿಗೆ ಕೊಂಡಿ ಕೊಟ್ಟರೆ ಅದು ಸಹಜ. ಸಂಬಂಧವೇ ಇಲ್ಲದ ಐವತ್ತು ಅಂಗಡಿಗಳಿಗೆ ಕೊಟ್ಟರೆ ಅದು ಕಪಟ.

ಇನ್ನೊಂದು ಬದಲಾವಣೆಯೂ ಆಗಿದೆ. 2024ರ ಆಗಸ್ಟ್‌ನಿಂದ ಭಾರತದಲ್ಲಿ ಗೂಗಲ್ ಅನೇಕ ಪ್ರಶ್ನೆಗಳಿಗೆ ಫಲಿತಾಂಶದ ಮೇಲ್ಭಾಗದಲ್ಲೇ ಯಂತ್ರರಚಿತ ಸಾರಾಂಶವನ್ನು ತೋರಿಸುತ್ತಿದೆ. “ಉಪ್ಪಿನಕಾಯಿ ಎಂದರೇನು” ಎಂಬಂತಹ ಸಾಮಾನ್ಯ ಮಾಹಿತಿಗೆ ಗ್ರಾಹಕನು ಇನ್ನು ಯಾರ ತಾಣಕ್ಕೂ ಬರಬೇಕಾಗಿಲ್ಲ. ಆತನು ಬರುವುದು ಬೇರೆಲ್ಲೂ ಸಿಗದ ಸಂಗತಿಗಾಗಿ: ಈ ವರ್ಷ ಮಿಡಿ ಯಾವ ವಾರ ಬಂತು, ಸೊನೆ ಉಳಿಸಿಕೊಳ್ಳಲು ಹೇಗೆ ಕೊಯ್ಯಲಾಯಿತು, ಯಾವ ಅಳತೆಯ ಬಾಟಲಿ ಎಷ್ಟು ದರಕ್ಕೆ ಲಭ್ಯ ಎಂಬಂಥವು. ಇದನ್ನು ಹೇಳಬಲ್ಲವನು ತಯಾರಕನೊಬ್ಬನೇ.

ಹೊಣೆ ಯಾರದು?

ಯಂತ್ರ ಬರೆದ ಮಾತಿಗೂ ಕಾನೂನಿನ ಮುಂದೆ ಉತ್ತರ ಹೇಳಬೇಕಾದವರು ಮಾರುವವರೇ. ಜೇನು ಅಥವಾ ಕಷಾಯದ ಪುಡಿಯು ಮಧುಮೇಹವನ್ನು ಗುಣಪಡಿಸುತ್ತದೆ ಎಂದು ಪುಟದಲ್ಲಿ ಸೇರಿಬಿಟ್ಟರೆ ಅದು 1954ರ ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಾಲತಾಣದ ಬರಹವೂ ಜಾಹೀರಾತೇ. ದಾರಿ ತಪ್ಪಿಸುವ ಜಾಹೀರಾತಿಗೆ ರೂ. 10 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಅಡಿಕೆ ಹಾಳೆಯ ತಟ್ಟೆ ತಯಾರಕರು ಇನ್ನೂ ಎಚ್ಚರದಿಂದಿರಬೇಕು. ಅಡಿಕೆ ಹಾಳೆಯ ತಟ್ಟೆ–ಬಟ್ಟಲುಗಳು ಆಹಾರ ಬಡಿಸಲು ಬಳಸುವಂತಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ತಿಳಿಸಿದೆ. ಹಳೆಯ ಪ್ರಚಾರ ಪತ್ರಗಳಿಂದ ಕಲಿತ ಯಂತ್ರವು “ಅಮೆರಿಕದ ಮಾನ್ಯತೆ ಪಡೆದದ್ದು” ಎಂದು ಬರೆದರೆ ರಫ್ತುದಾರನ ಗತಿಯೇನು? ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ದೊರೆತಿರುವುದು ಹೆಮ್ಮೆಯ ವಿಷಯ. ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದವರ ಪುಟದಲ್ಲಿ ಆ ಸೂಚಕವನ್ನು ಯಂತ್ರ ಸೇರಿಸಿಬಿಟ್ಟರೆ ಅದೂ ತೊಡಕಿಗೆ ದಾರಿ.

ಖರ್ಚಿನ ಲೆಕ್ಕ

ಹೊಳೆಗೆ ಸುರಿದರೂ ಅಳೆದು ಸುರಿಯಬೇಕು. ಉದಾಹರಣೆಗೆ, ರೂ. 200 ಬೆಲೆಯ ಬಾಟಲಿಯೊಂದರಲ್ಲಿ ಮಧ್ಯವರ್ತಿಯ ಪಾಲು ರೂ. 50 ಎಂದಿಟ್ಟುಕೊಂಡರೆ, ತಿಂಗಳಿಗೆ 100 ಬಾಟಲಿಗಳ ನೇರ ಬೇಡಿಕೆ ಬಂದಾಗ ಉಳಿಯುವುದು ರೂ. 5,000. ತಾಣದ ನಿರ್ವಹಣೆ, ಸಾಧನದ ಚಂದಾ, ಹೆಚ್ಚುವರಿ ಕೊರಿಯರ್ ವೆಚ್ಚಗಳೆಲ್ಲ ಸೇರಿ ಇದರೊಳಗೇ ಇರಬೇಕು. ವಿದೇಶದ ಸಂಸ್ಥೆಯಿಂದ ನೇರವಾಗಿ ಬಿಲ್ ಪಡೆಯುವ ಜಿಎಸ್‌ಟಿ ನೋಂದಾಯಿತರು ಚಂದಾ ಮೊತ್ತದ ಮೇಲೆ ಶೇ. 18ರಷ್ಟು ತೆರಿಗೆಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತಾವೇ ಕಟ್ಟಬೇಕಾಗುತ್ತದೆ. ರೂ. 2,000ದ ಚಂದಾಕ್ಕೆ ಇದು ರೂ. 360. ಸಾಮಾನ್ಯ ಪದ್ಧತಿಯವರು ಇದನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಆ ಅವಕಾಶವಿಲ್ಲದ ಕಾರಣ ಅದು ನೇರ ಖರ್ಚು. ಮೊತ್ತ ಚಿಕ್ಕದೆಂದು ಬಿಟ್ಟುಬಿಟ್ಟರೆ ಮುಂದೆ ಬಡ್ಡಿ ಸಹಿತ ನೆನಪಾಗುತ್ತದೆ.

ಮೊದಲ ಸ್ಥಾನದ ಖಾತರಿ ಕೊಡುವವರ ಬಗ್ಗೆ ಒಂದೇ ಮಾತು ಸಾಕು. ಜಾಹೀರಾತಿನ ಜಾಗವನ್ನು ಗೂಗಲ್ ಮಾರುತ್ತದೆ, ಸಹಜ ಫಲಿತಾಂಶದ ಸ್ಥಾನವನ್ನು ಮಾರುವುದಿಲ್ಲ. ಮಾರಾಟಕ್ಕೇ ಇಲ್ಲದ ವಸ್ತುವಿಗೆ ಮುಂಗಡ ಕೊಡುವ ವ್ಯಾಪಾರಿ ಈ ಮೂರು ತಾಲ್ಲೂಕುಗಳಲ್ಲಿ ಇರಲಾರ.

ಈ ಹಿನ್ನೆಲೆಯಲ್ಲಿ ವಾಣಿಜ್ಯ ಸಂಸ್ಥೆಯು ಕೈಗೊಳ್ಳಬಹುದಾದ ಕೆಲಸಗಳು ಎರಡಿವೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ತಲಾ ಒಂದು ದಿನದ ಕಾರ್ಯಾಗಾರ ನಡೆಸಿ, ಪ್ರತಿಯೊಬ್ಬ ಸದಸ್ಯನೂ ತನ್ನ ಗ್ರಾಹಕರ ಇಪ್ಪತ್ತು ಪ್ರಶ್ನೆಗಳೊಂದಿಗೆ ಬಂದು ತನ್ನ ತಾಣದ ನಕ್ಷೆಯೊಂದಿಗೆ ಹಿಂದಿರುಗುವಂತೆ ಮಾಡುವುದು ಮೊದಲನೆಯದು. ಅಡಿಕೆ, ಮಿಡಿ, ಕೆತ್ತನೆ, ಕೈಮಗ್ಗಗಳ ವ್ಯವಹಾರದ ಪದಗಳಿಗೆ ಅನುಭವಿಗಳಿಂದ ಸರಿಯಾದ ಅರ್ಥವಿವರಣೆ ಬರೆಸಿ ಸದಸ್ಯರಿಗೆಲ್ಲ ಒದಗಿಸುವುದು ಎರಡನೆಯದು. ಪುಟಗಳನ್ನು ಜೋಡಿಸುವ ಕೆಲಸವನ್ನು ಯಂತ್ರ ಮಾಡಲಿ. ಪುಟದಲ್ಲಿ ಬರೆದುದಕ್ಕೆ ಸಹಿ ಹಾಕುವವನು ಮಾತ್ರ ಸರಕನ್ನು ಬಲ್ಲ ವ್ಯಾಪಾರಿಯೇ ಆಗಿರಲಿ. ಬೇರೆಯವರು ಬರೆದ ಲೆಕ್ಕಕ್ಕೆ ಓದದೆ ಸಹಿ ಮಾಡಬಾರದೆಂಬ ಹಳೆಯ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.