‘ಎಷ್ಟು ಸಿಗುತ್ತದೆ?’ ಎನ್ನುವುದಕ್ಕೆ ಮೊದಲು

ಜುಮಾ ನಮಾಝ್ ಮುಗಿಸಿ ಮಸೀದಿಯ ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿರುವಾಗ ಕಿವಿಗೆ ಬೀಳುವ ಮಾತುಗಳು ಈಚಿನ ವರ್ಷಗಳಲ್ಲಿ ಬದಲಾಗಿವೆ. ಮೊದಲೆಲ್ಲ ನಿವೇಶನದ ದರ, ಚಿನ್ನದ ಬೆಲೆ, ಗಲ್ಫ್‌ನ ವೀಸಾ, ಇಷ್ಟರಲ್ಲಿ ಹಣಕಾಸಿನ ಮಾತು ಮುಗಿಯುತ್ತಿತ್ತು. ಈಗ “ಮಾರುಕಟ್ಟೆ ಬಿದ್ದಿದೆಯಲ್ಲ, ಎಸ್‌ಐಪಿ ನಿಲ್ಲಿಸಲೇ?”, “ಮ್ಯೂಚುವಲ್ ಫಂಡ್ ಹಲಾಲ್ ಆಗುತ್ತದೆಯೇ?”, “ಯಾವ ಷೇರು ಕೊಂಡರೆ ಬೇಗ ದುಪ್ಪಟ್ಟಾದೀತು?” ಎಂಬ ಪ್ರಶ್ನೆಗಳು ಕೇಳಿಬರುತ್ತಿವೆ. ದೇಶದಲ್ಲಿ 2020ರ ಮಾರ್ಚ್ ವೇಳೆಗೆ ಸುಮಾರು 4 ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳು 2022ರ ಆಗಸ್ಟ್‌ನಲ್ಲಿ 10 ಕೋಟಿಯನ್ನು ದಾಟಿದವು. ನಮ್ಮ ಮನೆಗಳೂ ಆ ಲೆಕ್ಕದೊಳಗಿವೆ.

ಪ್ರಶ್ನೆ ಕೇಳುವುದು ಒಳ್ಳೆಯದೇ. ನಮ್ಮ ಆಕ್ಷೇಪವಿರುವುದು ಪ್ರಶ್ನೆಗಳ ಸರದಿಯ ಬಗ್ಗೆ. ಮೊದಲು ಬರುವುದು “ಎಷ್ಟು ಸಿಗುತ್ತದೆ?” ಎಂಬುದು. ಆ ಉತ್ತರ ಹಿಡಿಸಿದ ಮೇಲೆ “ಹಲಾಲ್ ತಾನೇ?” ಎಂಬುದು. ಅದೂ ಹೆಚ್ಚಿನ ಸಲ ತಿಳಿದುಕೊಳ್ಳುವ ಸಲುವಾಗಿ ಅಲ್ಲ, ಹೌದು ಎನ್ನುವವರೊಬ್ಬರು ಸಿಕ್ಕಲಿ ಎಂದು. “ನಮ್ಮ ಹಣ ಯಾವ ವ್ಯವಹಾರಕ್ಕೆ ಹೋಗುತ್ತದೆ, ನಷ್ಟವಾದರೆ ಅದು ಯಾರ ತಲೆಗೆ?” ಎಂಬ ಪ್ರಶ್ನೆಯಂತೂ ಬರುವುದೇ ಇಲ್ಲ. ಅದು ಮೊದಲು ಬಂದಿದ್ದರೆ ನಮ್ಮ ಸಮುದಾಯದ ಎಷ್ಟೋ ಕುಟುಂಬಗಳ ಬೆವರಿನ ದುಡ್ಡು ಉಳಿಯುತ್ತಿತ್ತು ಎಂದು ನಾವು ನಂಬುತ್ತೇವೆ.

ಷೇರು ಎಂದರೇನೆಂದು ಕರಾವಳಿಯವರಿಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ನಾಲ್ಕು ಮಂದಿ ಹಣ ಸೇರಿಸಿ ಒಂದು ಬೋಟು ಮಾಡಿಸುತ್ತಾರೆ. ಹಿಡಿದ ಮೀನು ಮಾರಿ, ಡೀಸೆಲ್ ಮತ್ತು ಮಂಜುಗಡ್ಡೆಯ ಖರ್ಚು ಕಳೆದು, ಉಳಿದದ್ದರಲ್ಲಿ ಬೋಟಿನವರಿಗೆ ಇಷ್ಟು, ಕಡಲಿಗೆ ಹೋದವರಿಗೆ ಇಷ್ಟು ಎಂದು ಪಾಲು ಮಾಡುತ್ತಾರೆ. ಬೋಟು ಬರಿಗೈಯಲ್ಲಿ ಮರಳಿದ ದಿನ ಪಾಲೂ ಇಲ್ಲ, ಡೀಸೆಲ್ ಖರ್ಚು ಮೈಮೇಲೆ. ಕಂಪೆನಿಯ ಷೇರೂ ಮೂಲತಃ ಇಂತಹದೇ ಒಂದು ಪಾಲು. ಪ್ರವಾದಿ ಮುಹಮ್ಮದ್(ಸ) ಪ್ರವಾದಿತ್ವಕ್ಕೆ ಮುನ್ನ ಖದೀಜಾ(ರ)ರ ಸರಕನ್ನು ಶಾಮ್ ದೇಶಕ್ಕೆ ಕೊಂಡೊಯ್ದು ವ್ಯಾಪಾರ ಮಾಡಿದ್ದರು. ಬಂಡವಾಳ ಒಬ್ಬರದು, ದುಡಿಮೆ ಇನ್ನೊಬ್ಬರದು. ಫಿಕ್‌ಹ್ ಪಂಡಿತರು ಮುದಾರಬಾ ಎಂದು ಕರೆಯುವ ಈ ಏರ್ಪಾಡಿನಲ್ಲಿ ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ನಷ್ಟವಾದರೆ ಬಂಡವಾಳಗಾರನ ಹಣ ಕರಗುತ್ತದೆ, ದುಡಿದವನ ಶ್ರಮ ವ್ಯರ್ಥವಾಗುತ್ತದೆ. ನಷ್ಟದ ಹೊಣೆ ಹೊತ್ತವನಿಗೇ ಲಾಭದ ಹಕ್ಕು. ಬಡ್ಡಿಗೂ ವ್ಯಾಪಾರಕ್ಕೂ ಇರುವ ಅಂತರದ ತಿರುಳು ಇದರಲ್ಲಿಯೇ ಅಡಗಿದೆ.

ಈ ಒಂದು ಅಳತೆಗೋಲನ್ನು ಕೈಯಲ್ಲಿ ಹಿಡಿದು ಹಿಂದಿರುಗಿ ನೋಡೋಣ. 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಐಎಂಎ ಕುಸಿದಾಗ ದೂರು ಕೊಡಲು ಶಿವಾಜಿನಗರದಲ್ಲಿ ನಿಂತ ಸಾಲನ್ನು ಕಂಡವರು ಮರೆಯಲಾರರು. ಹತ್ತಾರು ಸಾವಿರ ಮಂದಿ, ಅವರಲ್ಲಿ ಹೆಚ್ಚಿನವರು ನಮ್ಮವರೇ. ಮಗಳ ಮದುವೆಗೆಂದು ಕೂಡಿಟ್ಟದ್ದು, ನಿವೃತ್ತಿಯಾದಾಗ ಕೈಗೆ ಬಂದದ್ದು, ಹಜ್ಜ್‌ಗೆಂದು ತೆಗೆದಿಟ್ಟದ್ದು ಎಲ್ಲವೂ ಅಲ್ಲಿತ್ತು. ಬಡ್ಡಿ ಬೇಡವೆಂಬ ಪ್ರಾಮಾಣಿಕ ಭಯದಿಂದಲೇ ಎಷ್ಟೋ ಮಂದಿ ಬ್ಯಾಂಕಿನಿಂದ ಹಣ ತೆಗೆದು ಅಲ್ಲಿ ಇಟ್ಟಿದ್ದರು. ಅವರ ಈಮಾನನ್ನು ನಾವು ಗೌರವಿಸುತ್ತೇವೆ, ಅವರ ನೋವು ನಮ್ಮದೂ ಹೌದು. ಆದರೆ ತಿಂಗಳು ತಿಂಗಳು ತಪ್ಪದೆ ಬರುತ್ತಿದ್ದ ಆ ‘ಲಾಭ’ ಯಾವ ಮಳಿಗೆಯ, ಯಾವ ಸರಕಿನ ಲಾಭವೆಂದು ಕೇಳಿದವರು ಎಷ್ಟು ಮಂದಿ? ಯಾವ ಬೋಟಿಗೂ ಪ್ರತಿ ತಿಂಗಳು ಒಂದೇ ತೂಕದ ಮೀನು ಸಿಗುವುದಿಲ್ಲ. ಮೂಲಧನ ಕರಗದು, ಆದಾಯ ತಪ್ಪದು ಎಂದು ಯಾರಾದರೂ ಭರವಸೆ ಕೊಟ್ಟರೆ ಅದಕ್ಕೆ ಅರಬೀ ಹೆಸರಿಟ್ಟರೂ ಅದು ವ್ಯಾಪಾರವಲ್ಲ. ಬಡ್ಡಿಯಾಗಿರಬೇಕು, ಇಲ್ಲವೇ ಮೋಸವಾಗಿರಬೇಕು. ಅಂತಹ ಸಂಸ್ಥೆಗಳ ಸಮಾರಂಭದ ವೇದಿಕೆಗಳಲ್ಲಿ ಕುಳಿತು ಅವುಗಳಿಗೆ ಮುಖಬೆಲೆ ತಂದುಕೊಟ್ಟ ನಮ್ಮ ಮುಂದಾಳುಗಳೂ ಈ ಮಾತನ್ನು ಒಮ್ಮೆ ತಮಗೇ ಹೇಳಿಕೊಳ್ಳಬೇಕು.

ಆ ಪೆಟ್ಟಿನ ನಂತರ ಸಮುದಾಯ ಎರಡು ದಿಕ್ಕಿಗೆ ಸರಿದಂತೆ ತೋರುತ್ತದೆ. ಹಿರಿಯರು ಎಲ್ಲ ಹೂಡಿಕೆಯೂ ಮೋಸವೆಂದು ಬಾಗಿಲು ಮುಚ್ಚಿದರು. ಕಿರಿಯರು ಕೋಣೆಯ ಬಾಗಿಲು ಮುಚ್ಚಿಕೊಂಡು ಮೊಬೈಲಿನಲ್ಲಿ ಆಪ್ಶನ್ ಆಡತೊಡಗಿದರು. ಆಡತೊಡಗಿದರು ಎಂಬ ಪದವನ್ನು ನಾವು ತಿಳಿದೇ ಬಳಸಿದ್ದೇವೆ.

ನಿಫ್ಟಿಯ ಆಪ್ಶನ್ ಕೊಂಡವನಿಗೆ ಯಾವ ಕಂಪೆನಿಯ ಎಳ್ಳಷ್ಟು ಪಾಲೂ ಬರುವುದಿಲ್ಲ. ವಾಯಿದೆಯ ದಿನದೊಳಗೆ ಸೂಚ್ಯಂಕ ಇಷ್ಟಕ್ಕೇರುತ್ತದೆ ಅಥವಾ ಇಷ್ಟಕ್ಕಿಳಿಯುತ್ತದೆ ಎಂದು ಇಬ್ಬರು ಹಣ ಕಟ್ಟುತ್ತಾರೆ. ಒಬ್ಬನ ಜೇಬಿಗೆ ಬಂದದ್ದು ಇನ್ನೊಬ್ಬನ ಜೇಬಿನಿಂದ ಹೋದದ್ದು. ನಡುವೆ ದಲ್ಲಾಳಿ ಶುಲ್ಕ ಮತ್ತು ತೆರಿಗೆ ಮಾತ್ರ ತಪ್ಪದೆ ಕಡಿತವಾಗುತ್ತವೆ. ಇದು ಮೈಸಿರ್‌ಗೆ, ಅಂದರೆ ಜೂಜಿಗೆ, ಎಷ್ಟು ಹತ್ತಿರವೆಂದು ವಿವರಿಸಬೇಕಾಗಿಲ್ಲ. ಒಐಸಿಯ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು 1992ರಲ್ಲಿ ಜಿದ್ದಾದ ತನ್ನ ಅಧಿವೇಶನದಲ್ಲಿಯೇ ಆಪ್ಶನ್ ಒಪ್ಪಂದಗಳು ಸಮ್ಮತವಲ್ಲವೆಂದು ನಿರ್ಣಯಿಸಿತ್ತು. ಧರ್ಮದ ಮಾತು ಬೇಡವೆನ್ನುವ ಯುವಕರು ಸೆಬಿಯ ಮಾತನ್ನಾದರೂ ಕೇಳಲಿ. ಆ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರ ವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಶನ್ಸ್ ವ್ಯವಹಾರ ನಡೆಸಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಮರುವರ್ಷದ ಲೆಕ್ಕದಲ್ಲಿಯೂ ನೂರಕ್ಕೆ 91 ಮಂದಿಯದು ನಷ್ಟವೇ. ಇದೇ ಲೆಕ್ಕ ಯಾವುದಾದರೂ ಔಷಧಿಯದಾಗಿದ್ದರೆ ತಾಯಂದಿರು ಅದನ್ನು ಮನೆಯೊಳಗೆ ಬಿಡುತ್ತಿದ್ದರೇ?

ನಮಗೆ ತಿಳಿದ ಮನೆಯೊಂದರಲ್ಲಿ ಮಗ ಇಂಜಿನಿಯರಿಂಗ್ ಓದುತ್ತಲೇ ಈ ದಾರಿಗೆ ಬಿದ್ದ. ಮೊದಲ ವಾರ ಒಂಬತ್ತು ಸಾವಿರ ಗೆದ್ದ. ಆ ಗೆಲುವೇ ಅವನಿಗೆ ಮುಳುವಾಯಿತು. ಆರು ತಿಂಗಳ ನಂತರ, ಕತರ್‌ನಲ್ಲಿ ವಾಹನ ಚಾಲಕರಾಗಿರುವ ತಂದೆ ಕಳುಹಿಸಿದ ಕಾಲೇಜು ಶುಲ್ಕ ಖಾತೆಯಲ್ಲಿ ಇಲ್ಲವೆಂಬುದು ತಾಯಿಗೆ ಗೊತ್ತಾದದ್ದು ಕಾಲೇಜಿನಿಂದ ಫೋನ್ ಬಂದಾಗ. ಬೈದು ಪ್ರಯೋಜನವಿರಲಿಲ್ಲ. ಆ ಹುಡುಗ ತಾನು ಷೇರು ಮಾರುಕಟ್ಟೆಯಲ್ಲಿ ಹೂಡಿಕೆ ಮಾಡುತ್ತಿದ್ದೇನೆ ಎಂದೇ ನಂಬಿದ್ದ. ಹಾಗಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವ ವ್ಯವಹಾರದ ಬಗ್ಗೆಯೂ ಕೇಳುತ್ತಾರೆ. ತನ್ನ ಬಳಿ ಇಲ್ಲದ್ದನ್ನು ಮಾರಬಾರದೆಂದು ಪ್ರವಾದಿ(ಸ) ಹಕೀಮ್ ಬಿನ್ ಹಿಝಾಮ್(ರ)ರಿಗೆ ತಾಕೀತು ಮಾಡಿದ್ದು ಹದೀಸ್‌ಗಳಲ್ಲಿ ಬಂದಿದೆ. ಇಂದು ಕೊಂಡ ಷೇರು ನಮ್ಮ ಡಿಮ್ಯಾಟ್ ಖಾತೆಗೆ ಸೇರುವುದು ಸಾಮಾನ್ಯವಾಗಿ ಮರುದಿನದ ವಹಿವಾಟಿನ ವೇಳೆಗೆ. ಅದು ಸೇರಿದ ಮೇಲೆ ಮಾರುವುದೇ ಕ್ಷೇಮವೆಂಬ ಉಲಮಾಗಳ ಮಾತಿಗೆ ನಮ್ಮ ಸಹಮತವಿದೆ. ದಲ್ಲಾಳಿ ಸಂಸ್ಥೆ ಬಡ್ಡಿಗೆ ಕೊಡುವ ಸಾಲದಲ್ಲಿ ಷೇರು ಕೊಳ್ಳುವ ಬಗ್ಗೆ ಪ್ರಶ್ನೆಯೇ ಏಳಬಾರದು.

ಇನ್ನು ಮ್ಯೂಚುವಲ್ ಫಂಡ್. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಮಿತವ್ಯಯದ ಹಾದಿಯೆಂದು ಎಲ್ಲರೂ ಸೂಚಿಸುವ ನಿಫ್ಟಿ 50 ಇಂಡೆಕ್ಸ್ ಫಂಡಿನಲ್ಲಿ ನಾವು ಹಾಕುವ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬ್ಯಾಂಕು ಮತ್ತು ಹಣಕಾಸು ಕಂಪೆನಿಗಳಿಗೆ ಹೋಗುತ್ತದೆ. ಸಿಗರೇಟು ತಯಾರಿಸುವ ಕಂಪೆನಿಯೂ ಆ ಪಟ್ಟಿಯಲ್ಲಿದೆ. ಉಳಿತಾಯ ಖಾತೆಯ ಅಲ್ಪ ಬಡ್ಡಿಯನ್ನು ಮುಟ್ಟದೆ ಬೇರೆ ಎತ್ತಿಡುವ ಸಹೋದರರು ಇಂತಹ ಫಂಡಿನ ಮೂಲಕ ತಾವೇ ಬ್ಯಾಂಕಿನ ಪಾಲುದಾರರಾಗಿರುವುದನ್ನು ಗಮನಿಸಿರುವುದಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಟಾಟಾ ಎಥಿಕಲ್, ಟಾರಸ್ ಎಥಿಕಲ್‌ನಂತಹ ಬೆರಳೆಣಿಕೆಯ ಫಂಡುಗಳು ಶರೀಅತ್‌ನ ಮಾನದಂಡದಿಂದ ಸೋಸಿದ ಕಂಪೆನಿಗಳಲ್ಲಿ ಹಣ ತೊಡಗಿಸುತ್ತವೆ. ಎರಡೂ ಷೇರು ವಿನಿಮಯ ಕೇಂದ್ರಗಳಲ್ಲಿ ಶರೀಅಃ ಸೂಚ್ಯಂಕಗಳಿವೆ. ಇವನ್ನು ಕೊಳ್ಳಿರೆಂದು ನಾವು ಶಿಫಾರಸು ಮಾಡುತ್ತಿಲ್ಲ, ಅದು ನಮ್ಮ ಕೆಲಸವೂ ಅಲ್ಲ. ಸೋಸುವ ಬಗೆಯನ್ನು ಮಾತ್ರ ಅರಿತಿರಬೇಕು. ಬಹರೈನ್‌ನಲ್ಲಿರುವ ಅಯೋಫಿ ಸಂಸ್ಥೆಯ ಮಾನದಂಡದಂತೆ ಕಂಪೆನಿಯ ಮುಖ್ಯ ವ್ಯವಹಾರ ಹಲಾಲ್ ಆಗಿರಬೇಕು, ಬಡ್ಡಿಯ ಸಾಲ ಅದರ ಮಾರುಕಟ್ಟೆ ಮೌಲ್ಯದ ಶೇ. 30ನ್ನು ಮೀರಬಾರದು, ಅಸಮ್ಮತ ಆದಾಯ ಶೇ. 5ನ್ನು ಮೀರಬಾರದು. ಆ ಅಲ್ಪ ಪ್ರಮಾಣದ ಅಸಮ್ಮತ ಆದಾಯದಲ್ಲಿ ನಮ್ಮ ಪಾಲಿಗೆ ಬಂದಷ್ಟನ್ನು ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟು ಕೈತೊಳೆಯಬೇಕು. ಬೇರೆ ಸಂಸ್ಥೆಗಳ ಅಳತೆಗಳು ಬೇರೆ. ಬಡ್ಡಿಯ ಸೋಂಕು ಸ್ವಲ್ಪವಿದ್ದರೂ ಒಪ್ಪದ ಪಂಡಿತರೂ ಇದ್ದಾರೆ, ಅವರ ನಿಲುವನ್ನು ಹಗುರವಾಗಿ ಕಾಣಬಾರದು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸಾಲವನ್ನು ಮಾರುಕಟ್ಟೆ ಮೌಲ್ಯದೊಂದಿಗೆ ಹೋಲಿಸುವುದರಿಂದ ಷೇರಿನ ಬೆಲೆ ಕುಸಿದಾಗ, ಸಾಲ ಒಂದು ರೂಪಾಯಿಯೂ ಹೆಚ್ಚದಿದ್ದರೂ, ಕಂಪೆನಿಯೊಂದು ಪಟ್ಟಿಯಿಂದ ಹೊರಬೀಳಬಹುದು. ಒಮ್ಮೆ ಕೇಳಿ ತಿಳಿದರೆ ಸಾಲದು, ಆಗಾಗ ನೋಡುತ್ತಿರಬೇಕು.

“ಗೆಳೆಯನ ಫಂಡಿನಷ್ಟು ನಮ್ಮ ಫಂಡು ಬೆಳೆಯಲಿಲ್ಲ” ಎಂಬ ಅಸಮಾಧಾನವೂ ಕಿವಿಗೆ ಬಿದ್ದಿದೆ. ಬ್ಯಾಂಕುಗಳನ್ನು ಬಿಟ್ಟ ಮೇಲೆ ಇಂತಹ ಫಂಡುಗಳಲ್ಲಿ ಸಾಫ್ಟ್‌ವೇರ್, ಔಷಧಿ ಮೊದಲಾದ ಕಂಪೆನಿಗಳ ತೂಕ ಹೆಚ್ಚುತ್ತದೆ. ಬ್ಯಾಂಕ್ ಷೇರುಗಳು ಏರಿದ ವರ್ಷ ಇವು ಹಿಂದೆ ಬೀಳುವುದು ಸಹಜ. ಹಲಾಲ್‌ಗೆ ಒಂದು ಬೆಲೆಯಿದೆ. ಮದ್ಯ ಮಾರದ ಹೋಟೆಲಿನವನು ಆ ಬೆಲೆಯನ್ನು ದಿನವೂ ತೆರುತ್ತಾನೆ, ದೂರುವುದಿಲ್ಲ.

ಮಾರುಕಟ್ಟೆ ಬಿದ್ದಾಗ ಏನು ಮಾಡಬೇಕೆಂಬುದು ಎಲ್ಲರೂ ಕೇಳುವ ಪ್ರಶ್ನೆ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನದಲ್ಲಿ ಶೇ. 13ರಷ್ಟು ಕುಸಿಯಿತು. ಅದೇ ವರ್ಷದ ಕೊನೆಗೆ ಹೊಸ ಎತ್ತರದಲ್ಲಿತ್ತು. 2024ರ ಅಕ್ಟೋಬರ್‌ನಿಂದ 2025ರ ಫೆಬ್ರುವರಿಯ ವರೆಗೆ ನಿಫ್ಟಿ ಸತತ ಐದು ತಿಂಗಳು ಇಳಿಯಿತು, 1996ರ ನಂತರ ಹಾಗಾಗಿರಲಿಲ್ಲ. ಮುಂದಿನ ಸಲ ಎಷ್ಟು ದಿನ ಬೀಳುತ್ತದೆ, ಯಾವಾಗ ಏಳುತ್ತದೆ ಎಂಬುದು ಅಲ್ಲಾಹನಿಗಷ್ಟೇ ಗೊತ್ತು. ಗೊತ್ತೆಂದು ಟೆಲಿಗ್ರಾಂ ಗುಂಪಿನಲ್ಲಿ ಹಣ ಕೇಳುವವನಿಂದ ದೂರವಿರಿ. ನಮ್ಮ ದೃಷ್ಟಿಯಲ್ಲಿ ನಿರ್ಧಾರವಾಗಬೇಕಾದದ್ದು ಬೀಳುವುದಕ್ಕೆ ಮೊದಲು: ಈ ಹಣ ನಮಗೆ ಯಾವಾಗ ಬೇಕು? ಬರುವ ಜೂನ್‌ನ ಶಾಲಾ ಶುಲ್ಕ, ಮುಂದಿನ ವರ್ಷದ ನಿಕಾಹ್, ಹಜ್ಜ್‌ನ ಕಂತು ಇವಾವುವೂ ಷೇರಿನ ಹತ್ತಿರ ಸುಳಿಯಬಾರದು. ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣವನ್ನು ಯೋಗ್ಯ ವ್ಯವಹಾರಗಳಲ್ಲಿ ತೊಡಗಿಸಿದವನು ಇಳಿತದ ತಿಂಗಳಲ್ಲಿ ಎಸ್‌ಐಪಿ ನಿಲ್ಲಿಸಿದರೆ, ಅಗ್ಗಕ್ಕೆ ಸಿಗುವಾಗ ಪಾಲು ಬೇಡವೆಂದು ದುಬಾರಿಯಾದಾಗ ಕೊಂಡಂತೆ ಆಗುತ್ತದೆ. ಇನ್ನು ಪತ್ನಿಯ ಮಹ್ರ್‌ನ ಚಿನ್ನವನ್ನು ಬಡ್ಡಿಗೆ ಅಡವಿಟ್ಟು ‘ಹಲಾಲ್ ಷೇರು’ ಕೊಂಡವರನ್ನೂ ನಾವು ಕಂಡಿದ್ದೇವೆ. ಮಹ್ರ್ ಆಕೆಯ ಸೊತ್ತು, ಆಕೆಯ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಗಂಡ ಅದನ್ನು ಮುಟ್ಟುವಂತಿಲ್ಲ. ಅಡವಿನ ಬಡ್ಡಿಯ ಮಾತು ಆ ಮೇಲಿನದು.

ಷೇರಿನ ಮೇಲೆ ಝಕಾತ್ ಇದೆಯೇ ಎಂದು ರಮಝಾನ್‌ನಲ್ಲಿ ಕೇಳುವವರು ಕಡಿಮೆ, ಫಂಡು ನಷ್ಟದಲ್ಲಿದ್ದರೂ ಕೊಡಬೇಕೇ ಎನ್ನುವವರೇ ಹೆಚ್ಚು. ಮಾರುವ ಉದ್ದೇಶದಿಂದ ಇಟ್ಟುಕೊಂಡ ಷೇರಿಗೆ ಝಕಾತ್‌ನ ದಿನದ ಮಾರುಕಟ್ಟೆ ಬೆಲೆಯ ಶೇ. 2.5. ಒಂದು ಲಕ್ಷ ಕೊಟ್ಟು ಕೊಂಡದ್ದು ಅಂದು ಎಂಬತ್ತು ಸಾವಿರವಾಗಿದ್ದರೆ ಎಂಬತ್ತಕ್ಕೇ ಲೆಕ್ಕ, ಎರಡು ಸಾವಿರ ರೂಪಾಯಿ. ದೀರ್ಘಕಾಲಕ್ಕೆ ಇಟ್ಟುಕೊಂಡವರು ಕಂಪೆನಿಯ ನಗದು, ಮಾರುವ ಸರಕು, ಬರಬೇಕಾದ ಬಾಕಿ ಇವುಗಳಲ್ಲಿ ತಮ್ಮ ಪಾಲಿನಷ್ಟಕ್ಕೆ ಕೊಡಬೇಕೆಂಬುದು ಹಲವು ಪಂಡಿತರ ಅಭಿಪ್ರಾಯ. ತಮ್ಮ ಊರಿನ ಆಲಿಮರನ್ನು ಕೇಳಿ ನಿಶ್ಚಯಿಸಿಕೊಳ್ಳಲಿ.

ಕೊನೆಯ ಪ್ರಶ್ನೆಯನ್ನು ನಮಗೆ ಯಾರೂ ಕೇಳಿಲ್ಲ, ಆದ್ದರಿಂದ ನಾವೇ ಕೇಳುತ್ತೇವೆ. ನಾಳೆ ನಾವು ಕಣ್ಣು ಮುಚ್ಚಿದರೆ ಈ ಖಾತೆ ಇರುವುದು ಮನೆಯಲ್ಲಿ ಯಾರಿಗೆ ಗೊತ್ತು? ನಾಮಿನಿಯಾಗಿ ಹಿರಿಯ ಮಗನ ಹೆಸರು ಬರೆಸಿದ ಮಾತ್ರಕ್ಕೆ ಷೇರುಗಳು ಅವನವಾಗುವುದಿಲ್ಲ. ನಾಮಿನಿ ವಾರೀಸುದಾರನಾಗುವುದಿಲ್ಲ, ಸೊತ್ತು ಉತ್ತರಾಧಿಕಾರದ ಕಾನೂನಿನಂತೆಯೇ ಹಂಚಿಕೆಯಾಗಬೇಕೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹಾಗಾದರೆ ಅದರಲ್ಲಿ ಪತ್ನಿಗೆ ಪಾಲಿದೆ, ಹೆಣ್ಣುಮಕ್ಕಳಿಗೆ ಪಾಲಿದೆ, ತಾಯಿ ಬದುಕಿದ್ದರೆ ಅವರಿಗೂ ಪಾಲಿದೆ. ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು. ಒಂದು ನೋಟ್‌ಬುಕ್ ತನ್ನಿ. ಖಾತೆ ಯಾವ ಸಂಸ್ಥೆಯಲ್ಲಿದೆ, ಯಾವ ಫಂಡಿನಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಸಾಲ ಕೊಡಬೇಕಿದೆ ಎಂದು ನೀಲಿ ಶಾಯಿಯಲ್ಲಿ ಬರೆದು, ಅದನ್ನು ಎಲ್ಲಿಟ್ಟಿದ್ದೀರೆಂದು ಇಂದು ರಾತ್ರಿ ಊಟಕ್ಕೆ ಕುಳಿತಾಗ ಪತ್ನಿಗೂ ಮಗಳಿಗೂ ತಿಳಿಸಿ.